ಮೂರನೇ ಗಾಜು

ಹರಪನಹಳ್ಳಿ
ತಾ. 9-2-2025

ಮೊಮ್ಮಗಳು ಮೆಹರೀನಗೆ ದಾದಾ ಮಸ್ತಾನಸಾಬನ ಸಲಾಮು, ದುಆ.

ನಾವು ಆರಾಮ ಅದೀವಿ. ನಿನ್ನ ಕಾಗದ ಬಂದು ಹದಿನೈದು ದಿನ ಆತು, ಜವಾಬು ತಡ ಆತು, ಸಿಟ್ಟಾಗಬ್ಯಾಡ. ಫೋನಿನಾಗ ಆದ್ರ ನಾನು ಒದರ್ತೀನಿ, ನೀ ಅಳ್ತಿ. ಅದಕ್ಕ ಬರಿಯಾಕ ಕುಂತೀನಿ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವನು, ತಪ್ಪಿದ್ದನ್ನ ತಿದ್ದಿಕೊಂಡು ಓದು.

ಕಲಾಯಿ ಅಂಗಡಿ ನಡದೈತಿ. ಮೊನ್ನೆ ನೀಲಗುಂದದ ಕೊಟ್ರಮ್ಮ ಎರಡು ತಾಮ್ರದ ಹಂಡೆ ತಂದಿದ್ದಳು. ಸುಮ್ಮನ ಕೂಡೋ ಪೈಕಿ ಅಲ್ಲ ಆಕಿ. "ಸಾಬ್ರ, ನಿಮ್ಮ ಮೊಮ್ಮಗಳು ಅಷ್ಟು ಓದಿ ಏನು ಮಾಡ್ತಾಳ್ರಿ?" ಅಂದ್ಳು.

"ಕಲಾಯಿನ ಮಾಡ್ತಾಳ, ಗಾಜಿಗೆ. ಬಿಸಿಲು ಬಿದ್ರ ಕರೆಂಟು ಕೊಡೋ ಕಲಾಯಿ."

"ಕಲಾಯಿ ಮಾಡಾಕ ಅಷ್ಟು ಓದಬೇಕಿತ್ತೇನ್ರಿ?"

ನಿನ್ನ ದಾದಿ ಒಳಗ ನಕ್ಕಿದ್ದೇ ನಕ್ಕಿದ್ದು.

ನಗಲಿ. ನಾ ಹೇಳಿದ್ದು ಸುಳ್ಳಲ್ಲ. ಕೂದಲಿಗಿಂತ ನೂರು ಪಾಲು ತೆಳು ಪದರ, ಅದ್ರಾಗ ಸೀಸ ಬ್ಯಾಡ, ತವರ ಸಾಕು ಅಂತ ಹಟ ಹಿಡಿದಿ. ಚೊಲೋ ಮಾಡಿದಿ. ಉಣ್ಣೋ ಪಾತ್ರಿ ಕಲಾಯಿಗೆ ಸೀಸ ಬೆರಸೋರನ್ನ ನಾನು ಅಂಗಡಿ ಕಟ್ಟಿ ಹತ್ತಿಸಿಲ್ಲ. ಗಾಳಿ ತಾಗಿದ್ರ ತವರದ ಪದರ ಉಳಿಯಂಗಿಲ್ಲ ಅಂತ ನಿಮ್ಮ ಸರ್ ಹೆದರಿಸ್ತಾರಂತ. ಹೆದರಬ್ಯಾಡ. ಬಿಸಿಲಿಗೆ ಇಡ್ರಿ ಅಂತ ನೀ ಕಳಿಸಿದ ನಾಕು ಹದದ ನಾಕು ಗಾಜಿನಾಗ ಮೂರು ಮಾಳಿಗಿ ಮ್ಯಾಲೆ ಇನ್ನೂ ಕರ್ರಗ ಅದಾವ. ಬಿಳಚಿಕೊಂಡಿದ್ದು ಮೂರನೇದು ಒಂದ. ಅದ್ರ ಹದದ ಮ್ಯಾಲೇನ ನಿನ್ನ ಆಸಿ ಇತ್ತು, ಈಗ ಅದನ್ನೂ ಬಿಡ್ತೀನಿ, ಓದೂ ಬಿಟ್ಟು ಬರ್ತೀನಿ ಅಂತ ಬರದಿ.

ಓದು ಬಿಟ್ಟು ಬಂದ್ರ ನಾನು ಬಾಗಲಾ ತಗಿಯಂಗಿಲ್ಲ.

ನೆನಪೈತಾ, ಎಂಟು ವರ್ಷದಾಕಿ ಇದ್ದಾಗ, ಆಗಷ್ಟೇ ಕಲಾಯಿ ಹಾಕಿದ ಪರಾತಕ್ಕ ಬೆರಳು ಇಟ್ಟಿದ್ದಿ. ಹಸಿ ಕಲಾಯಿ ಮುಟ್ಟಬಾರದು ಅಂತ ಕೈಮ್ಯಾಲೆ ಹೊಡದೆ. ಒಂದು ತಿಂಗಳು ಅಂಗಡಿ ಕಡಿ ಬರಲಿಲ್ಲ ನೀನು. ಆ ಮಾತು ಇವತ್ತಿಗೂ ಖರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾ ನಿನ್ನ ಕೈಗೆ ಬರಕತ್ ಕೊಡಲಿ.

ನಿನ್ನ ದಾದಾ,
ಮಸ್ತಾನಸಾಬ

ತಾ.ಕ. ದಾದಿಗೆ ಓದಿ ಹೇಳಿದೆ. "ಹೇಳೋದು ಬಿಟ್ಟು ಹಂಡೆ ಸುದ್ದಿ ಬರದೀರಿ" ಅಂತ ಬೈದಳು. ಕೇಳು. ತವರ ಹೌದೋ ಅಲ್ಲೋ ಅಂತ ನನಗ ಹೆಬ್ಬೆಟ್ಟು ಹೇಳಬೇಕು, ಕಣ್ಣು ಹೇಳಂಗಿಲ್ಲ. ಮೂರನೇ ಗಾಜಿನ ಅಂಚಿನ ಅಂಟು ಚಾಕುಲೆ ಎಬ್ಬಿಸಿ, ಮ್ಯಾಲಿನ ಗಾಜು ಸರಿಸಿ, ಒತ್ತಿ ನೋಡಿದೆ. ತಿರುಗಿ ಅಂಟಿಸಿದೆ. ಮರುದಿನ ಬಿಳಚಿತು. ನೀ ಫೋನಿನಾಗ ಕೇಳಿದ್ರ "ನಿಂದು ಕಚ್ಚಾ ಕಲಾಯಿ" ಅಂತ ತಪ್ಪು ನಿನ್ನ ಮ್ಯಾಲೇನ ಹಾಕಿದೆ. ಐವತ್ತು ವರ್ಷದ ಉಸ್ತಾದ ಹಸಿ ಕಲಾಯಿ ಮುಟ್ಟಿದ ಅಂತ ಹೇಳಾಕ ಬಾಯಿ ಬರಲಿಲ್ಲ. ಗಾಜನ್ನ ಅರಿವ್ಯಾಗ ಸುತ್ತಿ ಇದ್ರ ಜೊತಿ ಕಳಿಸೀನಿ. ಬೆಳಕಿಗೆ ಹಿಡಿ, ನಡುವ ನನ್ನ ಹೆಬ್ಬೆಟ್ಟು ಮೂಡೈತಿ. ನಿಮ್ಮ ಸರ್‌ಗೆ ತೋರಿಸು. ಮೂರನೇ ಹದಾನ ಹೊಸಾ ಗಾಜಿಗೆ ತಿರುಗಿ ಹಾಕು.

ಈದಿಗೆ ಬಂದಾಗ ಕೈ ಚಾಚ್ತೀನಿ. ಹೊಡಿ.