ಸಂತೆ ಬೀದಿಯ ಬಿಳಿ ಗೆರೆ

ಜನವರಿ 8, 2025. ಹೊಸದುರ್ಗ

ಆಫೀಸಿನ ಪ್ರಿಂಟರ್ ಮತ್ತೆ ಕೆಟ್ಟಿದೆ. ನಕ್ಷೆ ತೆಗೆಸಲು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ ಚಿತ್ರದುರ್ಗದಿಂದ ಗಂಗಾಧರಪ್ಪ ಸರ್ ಫೋನ್. ನಮ್ಮ ಯೋಜನಾ ಘಟಕದ ಮುಖ್ಯಸ್ಥರು. "ತೇಜಸ್ವಿನಿ, ಒಪ್ಕಂಡ್ರು ಕಣಮ್ಮ. ಹತ್ತು ವರ್ಷ." ಮಗಳ ಮದುವೆ ಗೊತ್ತಾದ ದಿನ ಬಿಟ್ಟರೆ ಇಷ್ಟು ಖುಷಿಯಾಗಿ ಮಾತಾಡಿದ್ದು ಇವತ್ತೇ.

ಶ್ರೀಲಂಕಾದ ಒಂದು ಊರಿಗೂ ನಮ್ಮ ನಾಲ್ಕು ಊರಿಗೂ ನಂಟಿನ ಒಪ್ಪಂದ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ನಾವು. ಅವರ ಟೌನ್ ಪ್ಲಾನರ್‌ಗಳು ವರ್ಷಕ್ಕೊಮ್ಮೆ ಇಲ್ಲಿಗೆ, ನಮ್ಮವರು ಅಲ್ಲಿಗೆ. ಜೊತೆಗೆ ಇಲ್ಲಿಯ ಒಂದು ಬೀದಿ ಆರಿಸಿಕೊಂಡು ಹತ್ತು ವರ್ಷ ಕೂಡಿ ರೂಪಿಸುವುದು, ಹೊಸ ಎಂಜಿನಿಯರ್‌ಗಳಿಗೆ ಅಲ್ಲೇ ಟ್ರೇನಿಂಗ್. ಯಾವ ಬೀದಿ ಅನ್ನುವುದು ಅವರ ಆಯ್ಕೆ.

ನನಗೆ ನಮ್ಮ ಸಂತೆ ಬೀದಿಯೇ ಆಗಬೇಕು. ಇಲ್ಲದಿದ್ದರೆ ರಸ್ತೆ ಅಗಲ, ಸಂತೆ ಊರಾಚೆ ಮೈದಾನಕ್ಕೆ. ಫೈಲ್ ತಯಾರಾಗಿ ಕೂತಿದೆ. ಬಸ್ ಇಳಿದವರು ಒಂದು ಕಟ್ಟು ಸೊಪ್ಪಿಗೆ ಅಷ್ಟು ದೂರ ಹೋಗುತ್ತಾರೆಯೇ? ನಾನೇ ಹೋಗುವುದಿಲ್ಲ.

ಜನವರಿ 14

ಸಂಕ್ರಾಂತಿ, ಸಂತೆ ಎರಡೂ ಒಂದೇ ದಿನ. ಕಾಲಿಡಲು ಜಾಗವಿಲ್ಲ. ಬಾಗೂರಿನ ಬರಗೇರಮ್ಮ ಹುಣಸೆ ಮರದ ಕೆಳಗೆ ಅವರೆಕಾಯಿ ಹರಡಿಕೊಂಡು ಕೂತಿದ್ದರು. ಅವರ ಅತ್ತೆಯೂ ಅಲ್ಲೇ ಕೂರುತ್ತಿದ್ದರಂತೆ.

"ಯಾರೋ ಬರ್ತಾರಂತಲ್ಲ. ನಮ್ಮನ್ನ ಎಬ್ಸಾಕಾ?"

"ಇಲ್ಲಮ್ಮ, ಉಳಿಸೋಕೆ."

"ಉಳ್ಸಾಕೆ ಸಮುದ್ರ ದಾಟಿ ಬರ್ಬೇಕಾ? ನೀವೆಲ್ಲ ಏನ್ ಮಾಡ್ತೀರಿ?"

ಮನೆಯಲ್ಲಿ ಅವರೆಕಾಯಿ ಇದ್ದರೂ ಎರಡು ಕೆಜಿ ತಗೊಂಡೆ.

ಜನವರಿ 19

ನಿಲಂತಿ ಬಂದಿದ್ದಾರೆ. ಶ್ರೀಲಂಕಾದ ಹಿರಿಯ ಪ್ಲಾನರ್, ಬೀದಿ ಆರಿಸುವವರು ಇವರೇ. ಐವತ್ತು ದಾಟಿರಬೇಕು, ಮಾತು ಕಡಿಮೆ. ಹಿರಿಯೂರು ಸುತ್ತಿ ಬಂದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣಲ್ಲಿ ನೀರು, ಆದರೂ ಇನ್ನೊಂದು ಕೇಳಿದರು. ತೆಂಗು, ಕೆರೆ ನೋಡಿ, ಮನೆ ಬಿಟ್ಟು ಬಂದ ಹಾಗೇ ಅನ್ನಿಸುತ್ತಿಲ್ಲ ಅಂದರು ಇಂಗ್ಲಿಷಿನಲ್ಲಿ. ನಾಡಿದ್ದು ಸಂತೆ ತೋರಿಸಬೇಕು.

ಜನವರಿ 21, ಮಧ್ಯಾಹ್ನ 3

ಬರೆಯಲು ಮನಸ್ಸೇ ಇಲ್ಲ.

ಕರೆದುಕೊಂಡು ಹೋದರೆ ಬೀದಿ ಖಾಲಿ. ತೊಳೆದು ಬಿಟ್ಟಿದ್ದಾರೆ. ಎರಡೂ ಬದಿಗೆ ಬ್ಲೀಚಿಂಗ್ ಪೌಡರ್ ಗೆರೆ. ಬಾಳೆಕಂಬ ಬೇರೆ. ಸಂತೆಯನ್ನು ಇವತ್ತೊಂದು ದಿನದ ಮಟ್ಟಿಗೆ ಮೈದಾನಕ್ಕೆ ಕಳಿಸಲಾಗಿದೆ. ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಹಾರ ಹಿಡಿದು ನಿಂತಿದ್ದಾರೆ.

ನಿಲಂತಿ ಆಚೀಚೆ ನೋಡಿದರು. ಸಂತೆ ಎಲ್ಲಿ ಅಂತ ಕೇಳಿದರು.

"ಎಲ್ಲಾ ಕ್ಲೀನ್ ಮಾಡ್ಸಿದೀವಿ ಅಂತ ಹೇಳಮ್ಮ."

ಹೇಳಿದೆ. ನಿಲಂತಿ ತಲೆಯಾಡಿಸಿದರು. ಬೀದಿ ಅಗಲವಾಗಿಯೇ ಇದೆ, ಇಲ್ಲಿ ನಮಗೇನು ಕೆಲಸ ಅಂದರು. ಹೊಳಲ್ಕೆರೆ ನೋಡೋಣ ಅಂದರು.

ಅವರು ಹೋದ ಮೇಲೆ ಸರ್ ಮೇಲೆ ರೇಗಿಬಿಟ್ಟೆ. "ಮನೆಗೆ ನೆಂಟ್ರು ಬಂದ್ರೆ ಗುಡ್ಸಲ್ವೇನಮ್ಮ?" ಅಂದರು. ಅವರು ನೋಡಲು ಬಂದದ್ದನ್ನೇ ಗುಡಿಸಿದಿರಿ ಸರ್, ಅಂದೆ. ಮುಖ ಸಣ್ಣದಾಯಿತು. ನನ್ನ ಸಿಟ್ಟು ಇಳಿಯಲಿಲ್ಲ... ಪಾಪ ಅಂತಲೂ ಅನ್ನಿಸಿತು.

ಜನವರಿ 23

ಹೊಳಲ್ಕೆರೆಗೆ ಹೋಗುವ ಜೀಪಿನಲ್ಲಿ ನಿಲಂತಿಯವರಿಗೆ ಸಂತೆ ಎಬ್ಬಿಸಿದ್ದನ್ನೆಲ್ಲಾ ಹೇಳಿದೆ. ಬೇಜಾರಾಗುತ್ತೇನೋ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ — ಅವರ ಊರಿನ ಕೆರೆ ದಂಡೆಯಲ್ಲೂ ಮಾರ್ಕೆಟ್ ಇತ್ತಂತೆ. ಅವರ ಅಮ್ಮ ಅಲ್ಲಿ ಮೀನು ಮಾರುತ್ತಿದ್ದರಂತೆ. ಹೊರದೇಶದವರು ಬರುತ್ತಾರೆ ಅಂತ ಒಂದು ದಿನಕ್ಕೆ ಎಬ್ಬಿಸಿದರು. "ಆ ಒಂದು ದಿನ ಇನ್ನೂ ಮುಗಿದಿಲ್ಲ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ."

ಮುಂದಿನ ಸಂತೆಗೆ ಸುಮ್ಮನೆ ಬರುತ್ತೇನೆ, ಯಾರಿಗೂ ಹೇಳಬೇಡಿ ಅಂದರು. ಸರ್‌ಗೆ ಮಾತ್ರ ಹೇಳಿದೆ. ಮುಚ್ಚಿಡುವುದು ನನ್ನಿಂದಾಗದು. "ನಾನು ಆ ಕಡೆ ತಲೆನೇ ಹಾಕಲ್ಲ ಬಿಡಮ್ಮ."

ಜನವರಿ 28

ಸಂತೆಯಲ್ಲಿ ನನ್ನ ಕೊರಳಿನ ಐಡಿ ಕಾರ್ಡ್ ನೋಡಿದ್ದೇ ತಡ, ಒಬ್ಬೊಬ್ಬರೇ ಚೀಲ ಕಟ್ಟಲು ಶುರು. ಹೋದ ವಾರ ಮೈದಾನದಲ್ಲಿ ಅರ್ಧ ಸೊಪ್ಪು ಬಾಡಿಹೋಯಿತಂತೆ. ಕಾರ್ಡ್ ತೆಗೆದು ಬ್ಯಾಗಿಗೆ ತುರುಕಿದೆ. ನಿಲಂತಿ ಚಪ್ಪಲಿ ಬಿಟ್ಟು ಬರಗೇರಮ್ಮನ ಚೀಲದ ಪಕ್ಕ ನಿಂತರು.

"ಇವ್ರೇನಾ ನಮ್ಮನ್ನ ಎಬ್ಸಿದ್ದು?"

ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ಹೌದು, ನನ್ನಿಂದಲೇ, ಗೊತ್ತಿರಲಿಲ್ಲ ಅಂದರು ನಿಲಂತಿ. ಅದನ್ನೂ ಹೇಳಿದೆ.

ಬರಗೇರಮ್ಮ ಚೀಲ ಸರಿಸಿದರು. "ಕುಂತ್ಕಳ್ರಿ ಮತ್ತೆ. ಬಿಸ್ಲಾಗ್ ಯಾಕ್ ನಿಂತೀರಿ."

ಸಂಜೆ ತನಕ ಅಲ್ಲೇ. ಬಸ್ ಬಂದರೆ ಯಾರು ಎತ್ತ ಸರಿಯುತ್ತಾರೆ, ನೀರು ಎಲ್ಲಿಂದ, ಶೌಚಾಲಯ ಎಲ್ಲಿ — ಒಂದೊಂದೇ ಕೇಳಿದರು. "ಶೌಚಾಲಯ ಎಲ್ಲೈತೆ? ಅದ್ಕೇ ನಾವು ಬೆಳಗ್ಗಿಂದ ನೀರೇ ಕುಡಿಯಲ್ಲ," ಅಂದರು ಬರಗೇರಮ್ಮ, ನಗುತ್ತಲೇ. ನಿಲಂತಿ ನಗಲಿಲ್ಲ. ಅಂಗಡಿಯಿಂದ ನೀರು ತಂದಿದ್ದ ನಾನು ಬಾಟಲಿ ಹಾಗೇ ಕೈಯಲ್ಲಿ ಹಿಡಿದುಕೊಂಡೆ.

ಫೆಬ್ರವರಿ 19

ಮೇಲ್ ಬಂತು. ನಮ್ಮ ಬೀದಿಯೇ. ಮೂರು ಸಲ ಓದಿದೆ, ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಒಪ್ಪಂದಕ್ಕೆ ಸಹಿ ಸಂತೆ ದಿನವೇ, ಸಂತೆಯಲ್ಲೇ ಆಗಬೇಕಂತೆ.

ಸರ್ ಕನ್ನಡಕ ಒರೆಸಿಕೊಂಡು ಓದಿದರು. "ಗುಡಿಸ್ಬ್ಯಾಡ್ರಿ ಅಂತ ಬರ್ದಿಲ್ವಾ?"

"ಇಲ್ಲ ಸರ್."

"ಅಂದ್ರೆ ನನಗೇ ಬಿಟ್ಟವ್ರೆ."

ಮಾರ್ಚ್ 4, ಬೆಳಿಗ್ಗೆ 8

ಇವತ್ತು ಸಹಿ. ಬೇಕರಿ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೀದಿಗೆ ಕಾಲಿಟ್ಟಾಗ ಮತ್ತೆ ಬಿಳಿ ಪುಡಿ ಕಂಡಿತು. ಓಡಿದೆ.

ಉದ್ದಕ್ಕೆ ಗೆರೆ ಅಲ್ಲ, ಚೌಕಗಳು. ಒಬ್ಬೊಬ್ಬರಿಗೆ ಒಂದೊಂದು. ಸರ್ ಪ್ಯಾಂಟ್ ಮಡಿಸಿಕೊಂಡು ನಡುವೆ ನಿಂತು, "ಇಲ್ಲಿ ಯಾರು ಕೂರದು? ಹೇಳ್ರಿ," ಅಂತ ಕೇಳಿ ಕೇಳಿ ಹಾಕಿಸುತ್ತಿದ್ದಾರೆ. ಇವತ್ತು ಬ್ಲೀಚಿಂಗ್ ಅಲ್ಲ, ಸುಣ್ಣದ ಪುಡಿ. ತರಕಾರಿಗೆ ವಾಸನೆ ಹತ್ತಬಾರದಂತೆ.

ಬರಗೇರಮ್ಮ ಬಂದರು. ಚೌಕ ನೋಡಿದರು. ಚೀಲ ಇಟ್ಟಿದ್ದು ಅರ್ಧ ಒಳಗೆ, ಅರ್ಧ ಹೊರಗೆ.

"ಬರಗೇರಮ್ಮ, ಗೆರೆ ಒಳಗೆ..." ಅಂದರು ಸರ್.

"ಹೊತ್ತೇರಿದ್ರೆ ಅಲ್ಲಿ ಬಿಸ್ಲು ಬೀಳ್ತೈತ್ರಿ. ನೆಳ್ಳು ಇತ್ತಾಗೈತೆ."

ಸರ್ ಮರ ನೋಡಿದರು, ನನ್ನನ್ನು ನೋಡಿದರು. ಪುಡಿಯ ಬಕೆಟ್ ತಾವೇ ಇಸಿದುಕೊಂಡರು. ಹಳೆ ಗೆರೆಯನ್ನು ಕಾಲಿನಿಂದ ಅಳಿಸಿ, ಬಗ್ಗಿ, ನೆರಳು ಎಲ್ಲಿದೆ ಅಂತ ಬರಗೇರಮ್ಮನನ್ನೇ ಕೇಳುತ್ತಾ ಹೊಸದು ಎಳೆಯುತ್ತಿದ್ದಾರೆ. ನಿಲಂತಿಯವರ ಕಾರು ಬಂತು. ಸರ್‌ಗೆ ಕೂಗಿ ಹೇಳಿದೆ. "ತಡಿಯಮ್ಮ, ಇನ್ನೊಂದು ಬದಿ ಐತೆ," ಅಂದರು. ಅವರಿಗೆ ತಂದ ಹಾರ ಅಲ್ಲೇ ಸೊಪ್ಪಿನ ಚೀಲದ ಮೇಲೆ, ನಿಲಂತಿ ಇಳಿದು ಈ ಕಡೆಗೇ ಬರುತ್ತಿದ್ದಾರೆ —