ವರ್ಷ ತುಂಬುವ ಮೊದಲೇ ಒಡೆದ ಅಡಿಗೆಮನೆ

ಅತ್ತೆಯವರಿಗೆ,

ನಿಮ್ಮ ಸೊಸೆ ಸುಜಾತಾಳ ನಮಸ್ಕಾರ. ಬರುವ ಭಾನುವಾರ ನೀವು ಹೋಗಿ ವರ್ಷ ತುಂಬುತ್ತದೆ. ವರ್ಷದ ಕಾರ್ಯಕ್ಕೆ ಹುಬ್ಬಳ್ಳಿಯಿಂದ ನಿಮ್ಮ ಮಗಳು ಶೋಭಕ್ಕ ಬರುತ್ತಾರೆ, ಗದಗಿನ ಕಡೆಯವರೂ ಬರುತ್ತಾರೆ. ಅವರೆಲ್ಲ ಬಂದು ಕೂಡುವ ಮೊದಲು ನಿಮ್ಮ ಹತ್ತಿರ ಒಂದು ಮಾತು ಆಡಬೇಕು. ಎದುರಿಗೆ ಇದ್ದಾಗ ಆಡಲಾರದವಳು ಈಗ ಕಾಗದ ಹಿಡಿದು ಕೂತಿದ್ದಾಳೆ ನೋಡಿ.

ಮಾವನವರು ತೀರಿಕೊಂಡ ಮೇಲೆ ನೀವು ಗದಗಿನಿಂದ ಈ ಮರಾಠಿ ಊರಿಗೆ, ಕೋಥರೂಡಿನ ನಮ್ಮ ಫ್ಲ್ಯಾಟಿಗೆ ಬಂದ ದಿನ ನೆನಪಿದೆಯೇ? ಅಡಿಗೆಮನೆಯ ಬಾಗಿಲಲ್ಲೇ ನಿಂತು, "ಇದು ಅಡಿಗಿಮನಿ ಏನ, ರೈಲ್ವೆ ಡಬ್ಬಿ ಏನ?" ಅಂದಿರಿ. ನಿಜವೇ. ಒಳಗೆ ಇಬ್ಬರಿದ್ದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಫ್ರಿಜ್ಜಿಗೆ ಒಳಗೆ ಜಾಗವಿಲ್ಲದೆ ಹಾಲ್‌ನಲ್ಲಿ ಟಿವಿಯ ಪಕ್ಕ ಅದಕ್ಕೆ ಠಾವು. ಅಷ್ಟರಲ್ಲೂ ನೀವು ಕಿಟಕಿಯ ಕೆಳಗಿನ ಮೂಲೆ ಹಿಡಿದಿರಿ. ನೆಲದ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟು, ಒಂದು ಕಾಲು ಚಾಚಿ ಕೂತು ಜೋಳದ ರೊಟ್ಟಿ ಬಡಿಯುವುದಕ್ಕೆ ಶುರು ಮಾಡಿದಿರಿ. ಕಟ್ಟೆಯ ಮೇಲೆ ನಿಂತೇ ಬಡಿಯಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ಕೂತರೇ ನಿಮ್ಮ ಕೈ ನಡೆಯುತ್ತದೆ ಎಂದಿರಿ. ಆ ಕಟ್ಟೆ ನಿಮ್ಮ ಎದೆಗೆ ಬರುತ್ತಿತ್ತು, ಪಾಪ.

ಅಡಿಗೆಮನೆಗೆ ಎಳೆಯುವ ಖಾನೆಗಳ ಟ್ರಾಲಿ ಮಾಡುವವನು ಅಳತೆ ತೆಗೆಯಲು ಬಂದ ದಿನವನ್ನು ಮಾತ್ರ ನೀವು ಮರೆತಿರಲಿ ಎಂದು ಬೇಡಿಕೊಳ್ಳುತ್ತೇನೆ. ಕಟ್ಟೆಯ ಕೆಳಗೆಲ್ಲ ಎಳೆಯುವ ಟ್ರಾಲಿ, ಮೇಲೆ ಚಾವಣಿಯವರೆಗೆ ಕಪಾಟು ಮಾಡಬಹುದು, ಆದರೆ ಈ ಮೂಲೆ ಬಿಟ್ಟುಕೊಟ್ಟರೆ ಮಾತ್ರ ಫ್ರಿಜ್ಜು ಒಳಗೆ ಬರುತ್ತದೆ ಅಂದ. ಆ ಮೂಲೆಯಲ್ಲಿ ನೀವು ರೊಟ್ಟಿ ಬಡಿಯುತ್ತ ಕೂತಿದ್ದಿರಿ. ನಿಮ್ಮ ಮಗ ನನ್ನ ಮುಖ ನೋಡಿ, "ಈಗ ಬ್ಯಾಡ, ಮುಂದ ನೋಡೋಣ" ಅಂದರು. ಮುಂದೆ ಅಂದರೆ ಯಾವಾಗ? ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನೀವು ತಲೆ ಎತ್ತಲಿಲ್ಲ. ನಾವು ಆ ಮಾತನ್ನು ಮತ್ತೆ ಎತ್ತಲಿಲ್ಲ, ಸುಮ್ಮನೆ ಕಾದೆವು. ಅದಕ್ಕೆ ಬೇರೆ ಹೆಸರು ಕೊಡಲು ಎಷ್ಟೋ ಸಲ ನೋಡಿದ್ದೇನೆ, ಸಿಕ್ಕಿಲ್ಲ.

ಸಂಕ್ರಾಂತಿ ಕಳೆದ ವಾರ ಗಾರೆಯವರು ಬಂದು ಹಳೇ ಕಟ್ಟೆ ಒಡೆದರು. ನೀವು ಹೋಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಹಿರಿಯರು ಹೋದ ಮನೆಯಲ್ಲಿ ವರ್ಷ ತುಂಬುವವರೆಗೆ ಹೊಸ ಕೆಲಸ ಹಿಡಿಯಬಾರದು ಎಂದು ನನಗೆ ತಿಳಿಯದೇ? ನಾವು ಈ ವರ್ಷ ಹೋಳಿಗೆ ಮಾಡಲಿಲ್ಲ, ಹೊಸ ಬಟ್ಟೆ ತರಲಿಲ್ಲ, ದೀಪಾವಳಿಗೆ ಆಕಾಶಬುಟ್ಟಿಯನ್ನೂ ಕಟ್ಟಲಿಲ್ಲ. ಅಷ್ಟೆಲ್ಲ ಪಾಲಿಸಿದವರಿಗೆ ಇದೊಂದನ್ನು ತಡೆದುಕೊಳ್ಳಲು ಆಗಲಿಲ್ಲ. ಮೊದಲು ಇದು ಬರೀ ರಿಪೇರಿ ಎಂದು ನಮ್ಮ ಕಟ್ಟಡದ ಸೊಸೈಟಿಯಲ್ಲಿ ಹೇಳಿದೆವು. ಆದರೆ ಶೋಭಕ್ಕನಿಗೆ ರಿಪೇರಿಯ ಕಥೆ ನಡೆಯುವುದಿಲ್ಲವಲ್ಲ. ಫೋನಿನಲ್ಲಿ ಅವರು ಕೇಳಿದಾಗ ನಿಮ್ಮ ಮಗ, "ಅವ್ವಂದ ಆಸೆ ಇತ್ತಕ್ಕಾ. ಅಡಿಗಿಮನಿ ಮಾಡಸ್ರಿ ಅಂತ ಹೋಗೋ ಮೊದಲ ಹೇಳಿದ್ಲು" ಅಂದುಬಿಟ್ಟರು. ಹೋದವರ ಆಸೆ ಅಂದ ಮೇಲೆ ಯಾರು ಬೇಡ ಅನ್ನುತ್ತಾರೆ? ಶೋಭಕ್ಕ ಅತ್ತರಂತೆ. ನಾನು ಪಕ್ಕದಲ್ಲೇ ನಿಂತು ಟೈಲ್ಸಿನ ಬಣ್ಣ ಆರಿಸುತ್ತಿದ್ದೆ.

ಕೆಲಸ ಮುಗಿದ ದಿನ ನಾನು ಖುಷಿಪಟ್ಟೆ ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಎಣ್ಣೆ ಬಾಟಲಿಗಳಿಗೆ ಗೇಣಗಲದ ಎಳೆಯುವ ಕಪಾಟು, ಮೂಲೆಯಲ್ಲಿ ಗರಗರ ತಿರುಗುವ ತಟ್ಟೆಗಳು, ಬೇಕಾದಾಗ ಬಿಚ್ಚಿ ಬೇಡವಾದಾಗ ಗೋಡೆಗೆ ಮಡಚುವ ಟೇಬಲ್ಲು. ಫ್ರಿಜ್ಜು ನಿಮ್ಮ ಮೂಲೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸೊಸೈಟಿಯ ಹೆಂಗಸರು ಬಂದು ಇಷ್ಟು ಸಣ್ಣ ಜಾಗದಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿದಿರಿ ಎಂದು ಬೆರಗಾಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಯಾರೂ ಕೇಳದಿದ್ದರೂ ನಾನು, ಎಲ್ಲ ನಮ್ಮ ಅತ್ತೆಯವರ ಆಸೆಯಂತೆಯೇ ಮಾಡಿಸಿದ್ದು ಎಂದು ಸೇರಿಸುತ್ತಿದ್ದೆ. ಹೇಳಿ ಹೇಳಿ ನನ್ನ ನಾಲಿಗೆಗೆ ರೂಢಿಯಾಗಿತ್ತು.

ಕಳೆದ ವಾರ ಮೇಲಿನ ಮಹಡಿಯ ಶಿಂದೆ ಕಾಕು, ಮಗಳ ಬಸಿರು ಬಾಣಂತನಕ್ಕೆಂದು ನೀವು ಇರುವಾಗಲೇ ಹೋದವರು, ನಾಶಿಕದಿಂದ ಬಂದರು. ನಿಮ್ಮ ಗೆಳತಿ. ನೀವು ಅರ್ಧ ಕನ್ನಡ, ಅವರು ಪೂರಾ ಮರಾಠಿ, ಆದರೂ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದಿರೋ. ಅಡಿಗೆಮನೆ ನೋಡಿದವರೇ ಕಾಕು ಕಟ್ಟೆಯ ಮೇಲೆ ಕೈಯಾಡಿಸಿದರು. ತಮ್ಮ ಮನೆಯ ಕಟ್ಟೆಯೂ ಇಷ್ಟೇ ಎತ್ತರ, ಅವರಿಗೆ ಇಲ್ಲಿ ಏನೂ ತ್ರಾಸಾಗುತ್ತಿರಲಿಲ್ಲ ಎಂದು ಕಣ್ಣು ಒರೆಸಿಕೊಂಡರು. ಯಾರಿಗೆ ಕಾಕು, ಎಂದು ಕೇಳಿದೆ. ನಿನಗೆ ಗೊತ್ತಿಲ್ಲವೇ ಎಂದು ಅವರೇ ನನ್ನನ್ನು ನೋಡಿದರು.

ನಾನು ಆಫೀಸಿನಲ್ಲಿ, ನಿಮ್ಮ ಮಗ ಚಾಕಣದ ಫ್ಯಾಕ್ಟರಿಯಲ್ಲಿ ಇದ್ದಾಗ, ನೀವು ಮಧ್ಯಾಹ್ನ ಹಿಟ್ಟಿನ ಡಬ್ಬಿ ಹಿಡಿದು ಅವರ ಮನೆಗೆ ಹೋಗುತ್ತಿದ್ದಿರಂತೆ. ಕಟ್ಟೆ ಎತ್ತರವಾಗುತ್ತದೆಂದು ಕೂಡುವ ಮಣೆಯನ್ನು ಕಾಲ ಕೆಳಗೆ ಹಾಕಿಕೊಂಡು, ಅದರ ಮೇಲೆ ನಿಂತು ರೊಟ್ಟಿ ಬಡಿಯಲು ಕಲಿಯುತ್ತಿದ್ದಿರಂತೆ. ಮೊದಮೊದಲು ಎಲ್ಲ ಹರಿಯುತ್ತಿದ್ದವಂತೆ. ಮಂಡಿ ಬಾತು ನೀವು ಸೋಫಾದ ಮೇಲೆ ಕಾಲು ಚಾಚಿ ಕೂತಾಗ ಕಾಕು ಬೈದಿದ್ದಾರೆ, ಈ ವಯಸ್ಸಿನಲ್ಲಿ ಏನು ಹಟ ಎಂದು. ಸೊಸೆಗೆ ಅಡಿಗೆಮನೆ ದೊಡ್ಡದು ಮಾಡುವ ಆಸೆ ಇದೆ, ನಾನು ಮೂಲೆ ಹಿಡಿದು ಕೂತಿದ್ದೇನೆಂದು ಅವಳು ಬಾಯಿಬಿಟ್ಟು ಹೇಳುತ್ತಿಲ್ಲ, ನಿಲ್ಲುವುದು ರೂಢಿಯಾಗಲಿ, ದಸರೆಯ ದಿನ ನಾನೇ ಹೇಳುತ್ತೇನೆ ಅಂದಿದ್ದಿರಂತೆ. ದಸರೆಗೆ ಇನ್ನೂ ವಾರವಿರುವಾಗ ನಿಮ್ಮನ್ನು ಆಸ್ಪತ್ರೆಗೆ...

ಆ ದಿನಗಳಲ್ಲಿ ನಾನು ಸಂಜೆ ಆಫೀಸಿನಿಂದ ಬಂದಾಗ ನೀವು ಕಾಲೆಳೆಯುತ್ತಿದ್ದದ್ದು ನನಗೆ ಕಂಡಿರಲಿಲ್ಲವೇ? ಒಂದು ಸಲ ಕೇಳಿದ್ದಕ್ಕೆ ಮೆಟ್ಟಿಲು ಹತ್ತಿದ್ದೆ ಅಂದಿರಿ. ಮೆಟ್ಟಿಲು ಯಾಕೆ ಹತ್ತಿದಿರಿ ಎಂದು ಮುಂದೆ ಕೇಳಲಿಲ್ಲ ನಾನು. ನೀವು ಹೀಗೆ ಮಾಡಬಹುದೆಂದು ನನ್ನ ಕನಸಿನಲ್ಲೂ ಇರಲಿಲ್ಲ. ಅತ್ತೆ ಅಂದರೆ ಮೂಲೆ ಬಿಡದವಳು ಎಂದು ಗಟ್ಟಿ ಮಾಡಿಕೊಂಡು ಕೂತಿದ್ದೆ. ನನ್ನ ಬುದ್ಧಿ ಅಷ್ಟೇ ಅಗಲದ್ದು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ನಿಮ್ಮ ಮಂಡಿ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

ಅಂದು ಸಂಜೆ ನಿಮ್ಮ ಮಗ ಕಂಪನಿ ಬಸ್ಸಿಳಿದು ಬಂದ ಕೂಡಲೇ ಹೇಳಿದೆ. ಅವರು ಕೈಯಲ್ಲಿನ ಚೀಲವನ್ನೂ ಇಳಿಸದೆ ಕೇಳಿದರು. ಆಮೇಲೆ ಅದನ್ನು ಕಟ್ಟೆಯ ಮೇಲಿಟ್ಟು, "ಅಂದ್ರ ನಾವು ಸುಳ್ಳ ಹೇಳಿಲ್ಲ ಬಿಡು. ಅವ್ವಂದ ಆಸೆ ಇದ್ದದ್ದ ಖರೆ ಆತಲ್ಲ" ಅಂದರು. ಅವರ ಮುಖ ಹಗುರಾಯಿತು. ಬೈಯಲು ಬಾಯಿ ತೆರೆದೆ, ಆದರೆ ಅದೇ ಹಗುರ ನನ್ನ ಎದೆಯಲ್ಲೂ ಒಂದು ಗಳಿಗೆ ಸುಳಿದಿತ್ತು, ಹೇಗೆ ಬೈಯಲಿ? ಇನ್ನು ಯಾರು ಕೇಳಿದರೂ ಕಾಕುವನ್ನೇ ಸಾಕ್ಷಿಗೆ ಕರೆಯಬಹುದು. ನಾವು ಕಟ್ಟಿದ ಸುಳ್ಳನ್ನು ನೀವು ಮಂಡಿ ನೋಯಿಸಿಕೊಂಡು ನಿಜ ಮಾಡಿಟ್ಟು ಹೋಗಿದ್ದೀರಿ. ನಿಮ್ಮ ಬೆನ್ನ ಹಿಂದೆ ಅಡಗಿಕೊಳ್ಳುವಷ್ಟು ನಾಚಿಕೆಗೇಡಿ ಆಗಲೇ ಅತ್ತೆ? ಈ ವಾರವಿಡೀ ಅದೇ ಅಡಿಗೆಮನೆಯಲ್ಲಿ ನಿಂತು ಅದನ್ನೇ ಯೋಚಿಸಿದ್ದೇನೆ. ಈ ನಡುವೆ ರೊಟ್ಟಿಯನ್ನು ನಾವು ಅಂಗಡಿಯಿಂದ ತರುತ್ತೇವೆ.

ಇವತ್ತು ಬೆಳಿಗ್ಗೆ ನಿಮ್ಮ ಮಗ ಸ್ನಾನಕ್ಕೆ ಹೋದಾಗ ಶೋಭಕ್ಕನಿಗೆ ಫೋನು ಮಾಡಿದೆ. ಭಾನುವಾರ ಎಲ್ಲರ ಎದುರು ಹೇಳುವ ಮಾತು, ಮೊದಲು ಅವರಿಗೆ ಹೇಳಬೇಕಿತ್ತು. "ಅಕ್ಕಾ, ಅವ್ವನ ಆಸೆ ಅಂತ ನಿಮಗ ಹೇಳಿದ್ದು ನಾವು ಕಟ್ಟಿದ ಮಾತರಿ. ಅವರ ಆಸೆ ನಮಗ ಗೊತ್ತ ಇರಲಿಲ್ಲ. ಅವರು ಇರೋತನಕ ಆಗೂದಿಲ್ಲ ಅಂತ ನಾವು ಕಾಯಕೋತ ಕೂತಿದ್ವಿ" ಅಂದೆ. ಆಮೇಲೆ ಕಾಕು ಹೇಳಿದ್ದನ್ನೆಲ್ಲ ಹೇಳಿದೆ, ಮಣೆಯದನ್ನೂ ಮಂಡಿಯದನ್ನೂ. ಆ ಕಡೆ ಕುಕ್ಕರು ಕೂಗುತ್ತಿತ್ತು, ಶೋಭಕ್ಕ ಅದನ್ನು ಆರಿಸಲಿಲ್ಲ. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ.

"ನಿಂತು ಬಡದ ರೊಟ್ಟಿ ಹೆಂಗ ಆಗಿದ್ದುವು ಸುಜಾತಾ?" ಅಂದರು.

ಕಾಕು ಮನೆಯವರೆಲ್ಲ ಚಲೋ ಆಗಿದ್ದವು ಎಂದು ತಿಂದರಂತೆ, ಅಂದೆ.

"ಅವರದಲ್ಲ. ನಿಮಗ ಹೆಂಗ ಅನಿಸಿದ್ದುವು?"

"ನಾವ್ಯಾರೂ ತಿಂದಿಲ್ರಿ, ಅಕ್ಕಾ."