ಜಾಜಿ ಕಡಿದ ಕೈ

ಶೆಟ್ಟಿಕೆರೆ
೧೦-೧೦-೧೯೭೯

ಚಿ. ಸೌ. ಲಕ್ಷ್ಮಿದೇವಿಗೆ ನಿನ್ನ ಅತ್ತೆ ಪುಟ್ಟಗೌರಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ. ನೀನು ಅರಳಗುಪ್ಪೆಗೆ ಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ. ನಿನ್ನ ಗಂಡ ಹನುಮಂತ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯುತ್ತಾನೆಯೇ ಹೊರತು ಉಣ್ಣುವುದಿಲ್ಲ. ಸೋಮವಾರ ನಿಮ್ಮಪ್ಪ ಕೆಂಚಪ್ಪನವರ ಕಾಗದ ಬಂತು. ನೀನೂ ಅನ್ನ ಮುಟ್ಟುತ್ತಿಲ್ಲವಂತೆ, ನಿದ್ದೆಯಲ್ಲಿ ಬೆಚ್ಚಿ ಎದ್ದು ಹೊಟ್ಟೆ ಹಿಡಿದುಕೊಂಡು ಕೂರುತ್ತೀಯಂತೆ. ಕೂಸು ಚೆನ್ನಾಗಿದೆ, ಆದರೆ ತಾಯಿ ಹೀಗೆ ಉಪವಾಸ ಬಿದ್ದರೆ ಉಳಿಯುವುದು ಕಷ್ಟ ಎಂದು ತಿಪಟೂರಿನ ಡಾಕ್ಟರಮ್ಮ ಹೇಳಿದರಂತೆ. ಹನುಮಂತ ಸದ್ಯಕ್ಕೆ ಬರುವುದು ಬೇಡ, ಅವನ ಹೆಸರೆತ್ತಿದರೂ ಮಗಳು ಹೆದರುತ್ತಾಳೆ ಎಂದು ಬೀಗರು ಮರ್ಯಾದೆಯಿಂದಲೇ ಬರೆದಿದ್ದಾರೆ.

ಈ ಕಾಗದವನ್ನು ಮೇಷ್ಟ್ರ ಕೈಯಲ್ಲಿ ಬರೆಸಬಹುದಿತ್ತು. ಇನ್ನೊಬ್ಬರ ಕೈಯಲ್ಲಿ ಬರೆಸುವ ಮಾತಲ್ಲ ಇದು. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಸೊಟ್ಟಗಿದ್ದರೆ ನಗಾಡು, ಅಷ್ಟಾದರೂ ನಕ್ಕ ಹಾಗಾಗುತ್ತದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಬಚ್ಚಲ ಹಿಂದಿನ ನಿನ್ನ ಜಾಜಿ ಬಳ್ಳಿಯನ್ನು ಕಡಿದವಳು ನಾನು. ನಿನ್ನ ಗಂಡನಲ್ಲ.

ಬಸುರಿಯ ಗಂಡ ಹಸಿರು ಗಿಡ ಕಡಿಯಬಾರದು, ಕಡಿದರೆ ಹೊಟ್ಟೆಯ ಕೂಸಿಗೆ ಕೇಡು ಎಂದು ನಿಮ್ಮಜ್ಜಿಯೂ ಹೇಳಿದ್ದಾರೆ, ನಮ್ಮಜ್ಜಿಯೂ ಹೇಳಿದ್ದಾರೆ. ನಾನದನ್ನು ಅಲ್ಲಗಳೆಯುವುದಿಲ್ಲ. ಎರಡು ಸಲ ಮೂರನೇ ತಿಂಗಳಲ್ಲಿ ಕಳೆದುಕೊಂಡವಳು ನೀನು. ಈ ಸಲ ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದೆ. ಹೇಳಿದ ದಿನವೇ ಬೆರಳು ಮಡಚಿ ಎಣಿಸಿದೆ. ಬಳ್ಳಿ ಕಡಿದ ಹೊತ್ತಿಗೆ ನಿನಗೆ ಎರಡು ತಿಂಗಳು ತುಂಬಿತ್ತು. ಮಾರನೆಯ ಬೆಳಗಿನ ಬಸ್ಸಿಗೆ ಹೊರಟುಬಿಟ್ಟೆ. ನಿನ್ನ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಆದರೆ ಆ ಕಟ್ಟು ಗಂಡನಿಗೆ ಮಾತ್ರ ಕಣೇ. ಅತ್ತೆ ಮಾಡಿದ್ದಕ್ಕೆಲ್ಲ ಸೊಸೆಯ ಕೂಸಿಗೆ ಕೇಡಾಗುವ ಹಾಗಿದ್ದರೆ ನಮ್ಮ ತಾಲ್ಲೂಕಿನಲ್ಲಿ ತೊಟ್ಟಿಲು ಕೇಳುವವರೇ ಇರುತ್ತಿರಲಿಲ್ಲ.

ನಡೆದದ್ದು ಹೀಗೆ. ನೀನು ಗೌರಿ ಬಾಗಿನಕ್ಕೆ ತವರಿಗೆ ಹೋಗಿದ್ದೆ. ಹಬ್ಬ ಕಳೆದ ಎರಡನೆಯ ದಿನ ಹನುಮಂತ ಕೊಬ್ಬರಿ ಹಾಕಿಸಿಕೊಂಡು ತಿಪಟೂರಿಗೆ ಹೋದ. ಆ ಸಂಜೆ ನಾನು ಬಳ್ಳಿಯನ್ನು ಕಡಿದೆ. ಅವನು ದೀಪ ಹಚ್ಚುವ ಹೊತ್ತಿಗೆ ಬಂದು ನೋಡಿ ನಿಂತುಬಿಟ್ಟ. ಬಳ್ಳಿಯಲ್ಲಿ ಹಾವು ಕಂಡಿತು, ಅದಕ್ಕೇ ಕಡಿದೆ ಎಂದೆ. ಆಮೇಲೆ ಅವನು ಹೇಳಿದ್ದು ಇದು: "ಬುಡವ್ವ, ನಾನೇ ಕಡ್ದೆ ಅಂತೀನಿ. ನೀನು ಅಂದ್ರೆ ಮನೇಲಿ ಮಾತು ಬೆಳೀತದೆ. ನನ್ ಮೇಲಾದ್ರೆ ಎರಡು ದಿನ ಮುನಿಸ್ಕಂಡು ಸುಮ್ಕಾಗ್ತಾಳೆ." ನಾನೂ ಹೂಂ ಅಂದೆ. ಹೊಟ್ಟೆಯ ವಿಷಯ ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ಅವನು ನಿಜ ಹೇಳಿದ. ನಿನಗೆ ಸಮಾಧಾನ ಮಾಡಲು ಹೊಸ ಕತೆ ಕಟ್ಟುತ್ತಿದ್ದಾನೆ ಎಂದುಕೊಂಡೆ ನೀನು. ನೇರ ನನ್ನ ಹತ್ತಿರ ಬಂದು, "ಅತ್ತೆಮ್ಮ, ದೇವ್ರಾಣೆಗೂ ಹೇಳಿ, ಕಡಿದದ್ದು ನೀವಾ?" ಎಂದು ಕೇಳಿದೆ. ಹನುಮಂತ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಇಲ್ಲ ಎಂದೆ.

ಆ ಒಂದು ಮಾತಿಗೆ ನನ್ನ ನಾಲಗೆ ಸೇದಿಹೋಗಬೇಕಿತ್ತು. ಮಗನನ್ನು ಅವನ ಹೆಂಡತಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡಿದೆ. ಅವನು ಇವತ್ತಿನವರೆಗೂ ಯಾಕೆ ಹಾಗಂದೆ ಎಂದು ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನೀನು ಕೇಳಿದರೆ, ನಿನ್ನ ಸಿಟ್ಟಿಗೆ ಹೆದರಿದೆ ಎಂದುಕೊ.

ನಂಬಿಕೆ ಬರದಿದ್ದರೆ ನೀನು ಇಲ್ಲಿ ಕಂಡ ಬುಡವನ್ನು ನೆನಪು ಮಾಡಿಕೊ. ಹನುಮಂತ ಕಡಿದಿದ್ದರೆ ಮಚ್ಚಿನ ಒಂದೇ ಏಟು, ಅದೂ ನೆಲಕ್ಕೆ ಸಮ. ನಾನು ಹುಲ್ಲು ಕೊಯ್ಯುವ ಕುಡುಗೋಲಿನಲ್ಲಿ ನನ್ನ ಸೊಂಟದೆತ್ತರಕ್ಕೆ ಕೊಯ್ದು ಕೊಯ್ದು ಎಳೆದಿದ್ದೇನೆ. ನಾರು ನಾರಾಗಿ ಕಿತ್ತುಬಂದಿದೆ. ನನ್ನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ನಿನಗೆ ನೆನಪಿರಬೇಕು. ಈಳಿಗೆಮಣೆ ತಗುಲಿತು ಎಂದಿದ್ದೆ. ಅದೂ ಸುಳ್ಳು.

ಆ ಬಳ್ಳಿ ನಿನಗೆ ಏನಾಗಿತ್ತು ಎಂಬುದು ನನಗೆ ಗೊತ್ತು. ಮದುವೆಯಾದ ವರ್ಷ ತವರಿಂದ ಗೇಣುದ್ದದ ಕಡ್ಡಿಯನ್ನು ಒದ್ದೆ ಗೋಣಿ ಚೂರಿನಲ್ಲಿ ಸುತ್ತಿ ತಂದೆ. ತೆಂಗಿಗೇ ನೀರಿಲ್ಲ, ಇವಳ ಹೂವಿಗೆ ಬೇರೆ ನೀರು ಎಂದು ನಾನು ಗೊಣಗಿದೆ. ನೀನು ಬಚ್ಚಲ ನೀರಿನಲ್ಲೇ ಬೆಳೆಸಿದೆ. ಮೇಕೆ ಬುಡದವರೆಗೂ ತಿಂದಿತು, ಮತ್ತೆ ಚಿಗುರಿತು. ಮಳೆ ಕೈಕೊಟ್ಟ ವರ್ಷ ಎಲೆಯೆಲ್ಲ ಉದುರಿ ಹಂಬು ಒಣ ಹುರಿಯಾಯಿತು, ಆಗಲೂ ಸಾಯಲಿಲ್ಲ. ಹಟಮಾರಿ ಬಳ್ಳಿ, ತಂದವಳ ಹಾಗೇ. ಚಪ್ಪರ ಸಾಲದೆ ಹಂಚಿನ ಮೇಲೆಲ್ಲ ಹರಿದು, ಸಂಜೆಯಾದರೆ ಬೀದಿಯಲ್ಲಿ ಹೋಗುವವರೂ ನಿಂತು ಮೂಸುವ ಹಾಗಾಯಿತು. ಈಗ ಬುಡದಲ್ಲಿ ಮೂರು ಚಿಗುರು ಬಂದಿವೆ. ದಿನಾ ಎರಡು ಚೆಂಬು ನೀರು ಹಾಕುತ್ತಿದ್ದೇನೆ. ಅದನ್ನೇ ಒಳ್ಳೆಯ ಶಕುನ ಎಂದು ಹೇಳಿ ನಿನ್ನನ್ನು ಒಲಿಸುವುದಿಲ್ಲ. ಕಡಿದರೆ ಚಿಗುರುವುದು ಜಾಜಿಯ ಗುಣ, ಅಷ್ಟೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ನನ್ನ ಮೇಲೆ ಸಿಟ್ಟಿರಲಿ, ಜನ್ಮಪೂರ್ತಿ ಇರಲಿ. ಅವನ ಮೇಲಿನ ಹೆದರಿಕೆ ಒಂದನ್ನು ಬಿಡು. ಭಾನುವಾರ ಅವನನ್ನು ಕಳಿಸುತ್ತೇನೆ, ಬಾಗಿಲು ಹಾಕಿಕೊಳ್ಳಬೇಡ. ಬೀಗರಿಗೂ ಬೀಗಿತಿಗೂ ನನ್ನ ನಮಸ್ಕಾರ ತಿಳಿಸು.

ಇಂತು ತಪ್ಪು ಒಪ್ಪಿಕೊಂಡ,
ನಿನ್ನ ಅತ್ತೆ
ಪುಟ್ಟಗೌರಮ್ಮ

ತಾ. ಕ.: ಅನ್ನದ ಅಗುಳು ಹಚ್ಚಿ ಅಂಟಿಸಿದ್ದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಮೇಲಿನದನ್ನು ನಾನೇ ಇನ್ನೊಮ್ಮೆ ಓದಿದೆ. ನೀನು ನಂಬುವುದಿಲ್ಲ. ಮಗನನ್ನು ಉಳಿಸಿಕೊಳ್ಳಲು ಮುದುಕಿ ತನ್ನ ಮೇಲೆ ಹಾಕಿಕೊಂಡಿದ್ದಾಳೆ ಎನ್ನುತ್ತೀಯ. ಆದ್ದರಿಂದ ಬರೆಯಬಾರದು ಎಂದುಕೊಂಡಿದ್ದನ್ನೂ ಬರೆಯುತ್ತೇನೆ.

ಹಾವು ಇರಲಿಲ್ಲ. ಅವತ್ತು ಬಳ್ಳಿ ಮೈತುಂಬ ಮೊಗ್ಗು ಬಿಟ್ಟಿತ್ತು, ಕೊಯ್ಯಲು ನೀನಿರಲಿಲ್ಲ. ದೇವರಿಗೆಂದು ನಾನು ಕೊಯ್ದು ಕಟ್ಟಿದೆ. ಒಂದು ಗೇಣು ಉಳಿಯಿತು. ನಿಮ್ಮ ಮಾವ ಹೋಗಿ ಆರು ವರ್ಷ, ಅಂದಿನಿಂದ ನಾನು ಹೂವು ಮುಡಿದವಳಲ್ಲ. ಅದನ್ನು ತುರುಬಿಗೆ ಸಿಕ್ಕಿಸಿಕೊಂಡು ನಿನ್ನ ಕನ್ನಡಿಯ ಮುಂದೆ ನಿಂತೆ. ಸಂತೋಷವಾಯಿತು ಲಕ್ಷ್ಮಿದೇವಿ, ತುಂಬಾ ಸಂತೋಷವಾಯಿತು. ಅಷ್ಟರಲ್ಲಿ ಪಕ್ಕದ ಮನೆ ನಿಂಗಮ್ಮ ಮಜ್ಜಿಗೆಗೆಂದು ಕೂಗಿದಳು. ಕಿತ್ತು ಒಲೆಗೆ ಹಾಕಿದೆ. ಅವಳು ನನ್ನ ಪಕ್ಕದಲ್ಲೇ ನಿಂತು, ಎಷ್ಟು ಘಮ್ ಅಂತದಲ್ಲ ಎಂದಳು. ಅವಳು ಹೋದ ಕೂಡಲೇ ಕುಡುಗೋಲು ತೆಗೆದುಕೊಂಡೆ. ಯಾಕೆ ಕಡಿದೆ ಎಂದು ನೀನು ಕೇಳುತ್ತೀಯೆಂದೇ ಆ ದಿನ ಇಲ್ಲ ಎಂದೆ.

ಯಾವ ಅತ್ತೆಯೂ ಸೊಸೆಯ ಮುಂದೆ ತನ್ನ ಬಗ್ಗೆ ಇಂಥ ಸುಳ್ಳು ಕಟ್ಟುವುದಿಲ್ಲ. ಬೇಕಾದರೆ ನಿಮ್ಮಮ್ಮನಿಗೂ ಓದಿ ಹೇಳು. ಓದಿಯಾದ ಮೇಲೆ ಎದ್ದು ಊಟ ಮಾಡು.